ಒತ್ತು ಬೀಳುವ ಜಾಗ

ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ ತಂಗಿ ಇಟಾಲಿಯನ್ ಪಾಠ ಹೇಳುತ್ತಿದ್ದರು. ಅಣ್ಣನ ತರಗತಿಗೆ ನಿವೃತ್ತ ನರ್ಸ್ ಒಬ್ಬರು ಬರುತ್ತಿದ್ದರು. ಅವರ ಸೊಸೆ ಇಟಲಿಯವಳು. ಮೊಮ್ಮಗಳಿಗೆ ಆ ಭಾಷೆ ಬಿಟ್ಟು ಬೇರೆ ಬರದು. ಫೋನಿನಲ್ಲಿ ಮಗು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಸಾಕಾಗಿ, ಈ ವಯಸ್ಸಿನಲ್ಲಿ ಪುಸ್ತಕ ಹಿಡಿದಿದ್ದರು.

ಅವರ ನಾಲಿಗೆ ತೊಡರುತ್ತಿದ್ದದ್ದು ಕ್ರಿಯಾಪದಗಳಲ್ಲಿ. ‘ಅವರು ಫೋನ್ ಮಾಡುತ್ತಾರೆ’ ಎನ್ನಲು ಟೆ-ಲೆ-ಫೊ-ನ-ನೊ. ಒತ್ತು ‘ಲೆ’ ಮೇಲೆ ಬೀಳಬೇಕು, ಮಿಕ್ಕವು ಅದರ ಹಿಂದೆ ಉರುಳಿಕೊಂಡು ಹೋಗಬೇಕು. ನರ್ಸಮ್ಮ ‘ನ’ ಮೇಲೆ ಕೂತೇಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅಣ್ಣ ಗೆಳೆಯರನ್ನು ಊಟಕ್ಕೆ ಕರೆದಿದ್ದ. ಎಂಜಲು ಬೆರಳಲ್ಲೇ ಮೊಬೈಲ್ ಒತ್ತಿ, “ಇದು ಕೇಳ್ರೋ” ಎಂದ. ನರ್ಸಮ್ಮನ ದನಿ. ತಪ್ಪಿದಾಗೆಲ್ಲ ಮೆಲ್ಲಗೆ ‘ಕ್ಷಮಿಸಿ’ ಎಂದು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಗೆಳೆಯರು ಹೊಟ್ಟೆ ಹಿಡಿದು ನಕ್ಕು, ಇನ್ನೊಂದು ಸಲ ಹಾಕು ಎಂದರು. ಅಣ್ಣ ನಕ್ಕ ರಭಸಕ್ಕೆ ಅವನ ಬಾಯಿಂದ ತುತ್ತಿನ ಚೂರು ತಂಗಿಯ ತಟ್ಟೆಗೆ ಹಾರಿತು.

“ನಿಲ್ಸು. ಅವರಿಗೆ ಗೊತ್ತಾ ಇದು?” ಎಂದಳು ತಂಗಿ.

“ರೆಕಾರ್ಡ್ ಮಾಡಿದ್ದು ಗೊತ್ತು ಕಣೇ. ತಪ್ಪು ಹುಡುಕಿ ತಿದ್ಕೊಡ್ತೀನಿ ಅಂದೆ. ಖುಷಿಯಾಗಿ ಓದಿಕೊಟ್ರು.”

ಅವಳು ತಟ್ಟೆ ದೂರ ಸರಿಸಿದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಈಗ ಅವನು ಅಗಿಯುವುದನ್ನು ನೋಡಲಾಗದೆ ಎದ್ದು ಹೋಗಿ ಕೈ ತೊಳೆದಳು. ತೊಳೆದೇ ತೊಳೆದಳು.

ಮರುದಿನ ಮೆಟ್ಟಿಲ ಬಳಿ ನರ್ಸಮ್ಮನಿಗೆ ಎಲ್ಲ ಹೇಳಿದಳು. ಅವರು ಮೆಟ್ಟಿಲ ಕಂಬಿ ಹಿಡಿದುಕೊಂಡರು.

“ಆಸ್ಪತ್ರೆಯಲ್ಲಿ ನಾನು ಬಾಚದೇ ಇರೋ ಗಲೀಜಿಲ್ಲಮ್ಮ. ಅದು ಸೋಪು ಹಾಕಿದ್ರೆ ಹೋಗ್ತಿತ್ತು.”

ಮೇಲೆ ಹೋಗಿ ಅಣ್ಣನ ಮೇಜಿನ ಮುಂದೆ ನಿಂತರು. “ನನ್ನ ದನಿ ಅಳಿಸಿ. ನನ್ನೆದುರಿಗೇ.”

“ತಮಾಷೆಗೆ ಮೇಡಂ...” ಅವನು ಹಲ್ಲುಕಿರಿಯುತ್ತಲೇ ಅಳಿಸಿದ. ಅವರು ಮೆಟ್ಟಿಲಿಳಿದು ಹೋದರು.

ತಂಗಿಯೂ ತನ್ನ ಕೋಣೆಯ ಬೀಗದಕೈ ಅದೇ ಮೇಜಿನ ಮೇಲಿಟ್ಟಳು.

“ಒಂದು ನಗೆಗೆ ಇಷ್ಟೊಂದಾ? ತಲೆ ಕೆಟ್ಟಿದೆ ನಿಂಗೆ” ಎಂದ ಅಣ್ಣ.

“ಇರಲಿ ಬಿಡು.”

ಈಗ ಅವಳು ತನ್ನ ಮನೆಯಲ್ಲೇ ಪಾಠ ಹೇಳುತ್ತಾಳೆ. ನರ್ಸಮ್ಮ ಅಲ್ಲಿಗೇ ಬಂದು, ತಾಳ ಹಾಕುವಂತೆ ತೊಡೆ ತಟ್ಟಿಕೊಂಡು ತುಂಡು ತುಂಡಾಗಿ ಹೇಳಿ ಹೇಳಿ ‘ಲೆ’ ಹಿಡಿದರು. ಅಣ್ಣ ಒಂದೆರಡು ಸಲ ಬಾಗಿಲಿಗೆ ಬಂದ. ಹೊಸ್ತಿಲಲ್ಲೇ ನಿಂತು ಮಾತಾಡಿಸಿದಳು, ಒಳಗೆ ಬಾ ಎನ್ನಲು ಬಾಯಿ ಬರಲಿಲ್ಲ.