ಕನ್ನಡಿ ಮೇಷ್ಟರು

ಹೊಸಬರು ಎದುರಾದಾಗ ನಾವು ನೀವು ಮುಖ ನೋಡುತ್ತೇವೆ, ಹಲ್ಲಿನ ವೈದ್ಯರು ನಾವು ನಗುವುದನ್ನೇ ಕಾದಿದ್ದು ಹಲ್ಲು ನೋಡುತ್ತಾರೆ. ಈ ಮೇಷ್ಟರು ಮಾತ್ರ ಮೊದಲು ಕುತ್ತಿಗೆ ನೋಡುತ್ತಿದ್ದರು. ಸರೋವರದ ದಡದ ಆ ಹೋಟೆಲಿನ ಮೆಟ್ಟಿಲ ಮೇಲೆ ನನ್ನ ಹೆಂಡತಿ ತಾನು ಯಾರು, ಎಲ್ಲಿಂದ ಬಂದವಳು ಎಂದು ಪರಿಚಯ ಹೇಳಿಕೊಳ್ಳುತ್ತಿದ್ದರೆ ಅವರ ದೃಷ್ಟಿ ಅವಳ ಬಲಗಿವಿಯ ಕೆಳಗೆಲ್ಲೋ ನೆಟ್ಟಿತ್ತು. ಪರಸ್ತ್ರೀಯ ಕುತ್ತಿಗೆಯನ್ನು ಹೀಗೆ ನಿಸ್ಸಂಕೋಚವಾಗಿ ದಿಟ್ಟಿಸುವ ವೃದ್ಧರ ಬಗ್ಗೆ ಗಂಡನಾದವನಿಗೆ ಏನನ್ನಿಸಬೇಕೋ ಅದೇ ನನಗೂ ಅನ್ನಿಸಿತು.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಓದು ಮುಗಿಸಿ ಎಷ್ಟು ಕಾಲವಾಗಿದ್ದರೂ ಈ ವೃತ್ತಿಯವರು ಆಗಾಗ ತರಗತಿಗಳಿಗೆ ಹಾಜರಾಗಿ ತಮ್ಮ ನೋಂದಣಿಯನ್ನು ಉಳಿಸಿಕೊಳ್ಳಬೇಕು. ಅದನ್ನು ಏರ್ಪಡಿಸುವ ಜಾಣರು ನೀರು, ಬೆಟ್ಟ, ದೋಣಿ ಇರುವ ಊರನ್ನೇ ಹುಡುಕುತ್ತಾರೆ. ಆದ್ದರಿಂದ ನನ್ನಂಥ ಗಂಡಂದಿರೂ ಬಾಲದಂತೆ ಹಿಂದೆ ಹೋಗುತ್ತೇವೆ. ಆದರೆ ಆ ಸಲದ ಪ್ರಯಾಣದಲ್ಲಿ ಅವಳಿಗೆ ಉತ್ಸಾಹವಿರಲಿಲ್ಲ. ಒಂದು ವರ್ಷದಿಂದ ಕುತ್ತಿಗೆಯಲ್ಲಿ ಹುಟ್ಟಿದ ನೋವು ಭುಜಕ್ಕಿಳಿದು, ಕೆಲಸದ ನಡುವೆಯೇ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಮೂಳೆಯ ಡಾಕ್ಟರು ಕೆಲಸ ಕಡಿಮೆ ಮಾಡಿ ಎಂದಿದ್ದರು. ಒಮ್ಮೆ ರೋಗಿಯ ಬಾಯಿಯಲ್ಲೇ ಕೈ ಜಾರಿದ ಮೇಲೆ ಅವಳು ನಿರ್ಧರಿಸಿಬಿಟ್ಟಿದ್ದಳು: ಹಿಂದಿರುಗಿದ ಕೂಡಲೇ ಕ್ಲಿನಿಕ್ಕನ್ನು ತನ್ನ ಜೂನಿಯರಿಗೆ ಒಪ್ಪಿಸುವುದು. "ಕೆಲಸ ಹೋದ್ರೂ ಹೆಸರಿನ ಹಿಂದೆ ಡಾಕ್ಟರ್ ಅಂತ ಇರ್ಲಿ, ಅದಕ್ಕೇ ಬರ್ತಿದೀನಿ," ಎಂದು ಅವಳು ಕಣ್ಣೀರಿಲ್ಲದೆ ಹೇಳಿದ್ದು, ಅತ್ತಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಸಂಕಟವನ್ನು ನನಗೆ ತಂದಿತ್ತು.

ಆ ತರಗತಿಗಳನ್ನು ನಡೆಸುತ್ತಿದ್ದ ಮೇಷ್ಟರು ಬಿಸಿಲಲ್ಲೂ ಬೂದುಬಣ್ಣದ ಉಣ್ಣೆಯ ಕೋಟು ಬಿಚ್ಚುತ್ತಿರಲಿಲ್ಲ. ಅದರ ಮೇಲಿನ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಉದ್ದ ಹಿಡಿಯ ಪುಟ್ಟ ಬಾಯಿಕನ್ನಡಿ. ಆದ್ದರಿಂದಲೇ ವೃತ್ತಿಬಾಂಧವರು ಇಟ್ಟ ಹೆಸರು ಕನ್ನಡಿ ಮೇಷ್ಟರು. ನಡಿಗೆ ನಿಧಾನ, ಬೆನ್ನು ನೆಟ್ಟಗೆ. ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗಿಸದೆ, ಬಾಗಿಲು ತಿರುಗಿದ ಹಾಗೆ ಇಡೀ ದೇಹವನ್ನೇ ತಿರುಗಿಸಿ ನಿಲ್ಲುತ್ತಿದ್ದರು. ತರಗತಿ ಶುರುವಾಗುವ ಮುನ್ನ ಸರೋವರದ ಕಡೆಯ ಪರದೆಗಳನ್ನೆಲ್ಲ ತಾವೇ ಎಳೆದುಬಿಡುವರು. ನೀರು ನೋಡಲೆಂದೇ ಬಂದವರ ಗೊಣಗಾಟ ಅವರ ಕಿವಿಗೆ ಬೀಳುತ್ತಿರಲಿಲ್ಲ. ಯಾರು ಯಾವ ತಪ್ಪು ಮಾಡಲಿ, ತಿದ್ದಿದ ಮೇಲೆ ಒಂದೇ ಮಾತು: "ನಂದೂ ಹಾಗೇ ಇತ್ತು." ಒಬ್ಬನೇ ಮನುಷ್ಯ ಇಷ್ಟೆಲ್ಲ ತಪ್ಪು ಮಾಡಿರಲು ಸಾಧ್ಯವೇ ಎಂದು ಎಳೆಯ ಡಾಕ್ಟರುಗಳು ಹಿಂದಿನ ಸಾಲಿನಲ್ಲಿ ನಗುತ್ತಿದ್ದರಂತೆ.

ಮೊದಲ ದಿನವೇ ಅವರು ನನ್ನವಳ ಹಿಂದೆ ಬಂದು ನಿಂತರಂತೆ. ಅಭ್ಯಾಸಕ್ಕೆಂದು ಮೇಜಿಗೆ ಬಿಗಿದ ಗೊಂಬೆತಲೆಯ ಮೇಲ್ದವಡೆಯಲ್ಲಿ ಅವಳು ಕೆಲಸ ಮಾಡುತ್ತಿದ್ದಳು, ಎಂದಿನಂತೆ ಬಗ್ಗಿ, ಕತ್ತು ತಿರುಚಿ, ಬಾಯೊಳಗೆ ಇಣುಕುತ್ತ. ಮೇಲಿನ ಹಲ್ಲುಗಳ ಒಳಮೈಯನ್ನು ಕನ್ನಡಿಯಲ್ಲಿ ನೋಡಿಯೇ ಕೆಲಸ ಮಾಡಬೇಕೆಂಬುದು ಕಾಲೇಜಿನ ಮೊದಲ ಪಾಠ. ಆದರೆ ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗು. ಪರೀಕ್ಷೆಯ ಅವಸರದಲ್ಲಿ ನೇರವಾಗಿ ಇಣುಕುವುದೇ ಸಲೀಸೆನಿಸಿ, ಆ ಅಭ್ಯಾಸವೇ ಅವಳಿಗೆ ಅಂಟಿಬಿಟ್ಟಿತ್ತು. ಮೇಷ್ಟರು ಗೊಂಬೆತಲೆಯನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಅವಳ ಸ್ಟೂಲನ್ನು ಎತ್ತರಿಸಿ, ಕನ್ನಡಿ ಕೈಗಿತ್ತರು. ಬಲಕ್ಕೆಂದು ಹೊರಟ ಕೈ ಎಡಕ್ಕೆ ಹೋಯಿತು, ಗೊಂಬೆಯ ವಸಡು ಕಿತ್ತುಬಂತು. ಸಾವಿರಾರು ಬಾಯಿ ನೋಡಿದವಳು ಎಲ್ಲರೆದುರು ಅ ಆ ಇ ಈ ತಿದ್ದುವಂತಾಯಿತು. ರೂಮಿಗೆ ಬಂದವಳೇ ಚೀಲ ಮಂಚದ ಮೇಲೆಸೆದು, ನಾಳೆ ತಾನು ಹೋಗುವುದಿಲ್ಲ, ಬೇಕಾದರೆ ದೋಣಿಯಲ್ಲಿ ಸುತ್ತೋಣ ಎಂದಳು. ದೋಣಿಗಾಗಿಯೇ ಬಂದಿದ್ದ ನನಗೆ ಆಗ ದೋಣಿ ಬೇಡವಾಗಿತ್ತು.

ಸಂಜೆ ದಡದ ಬೆಂಚಿನಲ್ಲಿ ನಾವು ಮುಖ ಊದಿಸಿಕೊಂಡು ಕೂತಿದ್ದಾಗ ಮೇಷ್ಟರು ಬಂದರು. ಸಮಾಧಾನದ ಮಾತಿಲ್ಲ, ಉಪದೇಶವಿಲ್ಲ. ಒಂದು ಹಾಳೆಯ ಮೇಲೆ ಚೌಕ ಬರೆದು, ಹಾಳೆ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಗೆರೆಯ ಮೇಲೆ ಪೆನ್ಸಿಲ್ ಓಡಿಸಿ ಎಂದರು. ಅವಳ ಗೆರೆ ಕುಡಿದವನ ಹೆಜ್ಜೆಯಂತೆ ಅಡ್ಡಾದಿಡ್ಡಿ ಹೋಯಿತು. "ನಂದೂ ಹಾಗೇ ಇತ್ತು," ಎಂದರು. ಅವಳಿಗೆ ರೇಗಿತು, ನಿಮ್ಮದು ಯಾವಾಗ ಹಾಗಿತ್ತು ಎಂದು ನೇರವಾಗಿಯೇ ಕೇಳಿದಳು.

ಅವರು ಕೋಟಿನ ಕಾಲರನ್ನು ಸ್ವಲ್ಪ ಸರಿಸಿದರು. ಕತ್ತಿನ ಹಿಂದೆ ಉದ್ದಕ್ಕೂ ಶಸ್ತ್ರಚಿಕಿತ್ಸೆಯ ಗಾಯದ ಗುರುತು. "ನಾನೂ ನಿಮ್ಮ ಹಾಗೇ ಬಗ್ಗಿ ಬಗ್ಗಿ ನೋಡ್ತಿದ್ದೆ. ಬೆರಳು ಜೋಮು ಹಿಡಿದಾಗ ಬಗ್ಗೋದೇ ಕಾರಣ ಅಂತ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಆಪರೇಷನ್ ಆದ್ಮೇಲೆ ಕೈಗೆ ಬಲ ಬರ್ಲಿಲ್ಲಮ್ಮ. ಕ್ಲಿನಿಕ್ ಮುಚ್ಚಿದೆ. ನಿಮಗಿನ್ನೂ ಟೈಮಿದೆ."

ಅವಳು ಹಾಳೆ ತಿರುವಿ ಇನ್ನೊಂದು ಚೌಕ ಬರೆದುಕೊಂಡಳು. ಬೆಳಕಿರುವ ತನಕ ಮೇಷ್ಟರು ಪಕ್ಕದಲ್ಲೇ ಕೂತಿದ್ದರು. ಅಷ್ಟು ಸುಂದರವಾದ ನೀರಿನ ಕಡೆ ಮೂವರಲ್ಲಿ ಒಬ್ಬರೂ ನೋಡಲಿಲ್ಲ.

ಕೊನೆಯ ದಿನ ನಿಜವಾದ ಬಾಯಿಯಲ್ಲಿ ಕೆಲಸ. ರೋಗಿಯಾಗಲು ಒಪ್ಪಿದ್ದ ಹೋಟೆಲಿನ ಮಾಲಿ ಕುರ್ಚಿ ಕಂಡದ್ದೇ ತಡ, ಗಿಡಕ್ಕೆ ನೀರು ಬಿಡಬೇಕೆಂದು ಹೋದವನು ಬರಲೇ ಇಲ್ಲ. ಮೇಷ್ಟರು ಇಡೀ ದೇಹ ತಿರುಗಿಸಿ, ಅವತ್ತು ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ ನನ್ನನ್ನು ನೋಡಿ, "ನಿಮ್ಮ ಯಜಮಾನ್ರ ಬಾಯಿ ಖಾಲಿ ಇದೆಯಲ್ಲಮ್ಮ," ಎಂದರು. ಮದುವೆಯಾದಾಗಿನಿಂದ ನಾನು ಹಲ್ಲು ತೋರಿಸುತ್ತಿದ್ದುದು ಅವಳ ಸಹಪಾಠಿಯೊಬ್ಬನಿಗೆ. ಮಾತಿಗೆ ಮಾತು ಬೆಳೆಸಿದ ಬಾಯನ್ನು ಅದೇ ಹೆಂಡತಿಯ ಕೈಗೊಪ್ಪಿಸುವ ಧೈರ್ಯ ನನಗೆಂದೂ ಬಂದಿರಲಿಲ್ಲ. ಆ ದಿನ ಒಪ್ಪಿಸಿದೆ. ಬಾಯಿ ತೆರೆದು ಮಲಗಿದವನಿಗೆ ನೋಡುವುದೊಂದೇ ಕೆಲಸ, ನಾನು ನೋಡಿದೆ: ಅವಳ ಕತ್ತು ನೆಟ್ಟಗಿತ್ತು, ಭುಜಗಳು ಇಳಿದಿದ್ದವು, ಕಣ್ಣು ಕನ್ನಡಿಯಲ್ಲಿ ನೆಟ್ಟಿತ್ತು, ಮೇಲಿನ ದವಡೆಹಲ್ಲುಗಳ ಹಿಂದೆ ಗಟ್ಟಿಗಟ್ಟಿದ್ದ ಕೊಳೆಯನ್ನು ಅವಳ ಕೈ ನಿಧಾನವಾಗಿ, ತಡವರಿಸದೆ ತೆಗೆಯುತ್ತಿತ್ತು. ಮುಗಿದಾಗ ಅವಳು ಬೆರಳುಗಳನ್ನು ಮಡಿಚಿ ಬಿಡಿಸಿ, ಮತ್ತೆ ಮಡಿಚಿ, ಜೋಮು ಹಿಡಿದಿಲ್ಲ ಸರ್ ಎಂದಳು. ಮೇಷ್ಟರು, ಇವತ್ತು ಹಿಡಿದಿಲ್ಲ, ನಾಳೆ ಹಿಡಿದರೆ ಕೈ ಕೆಳಗಿಟ್ಟು ಸುಧಾರಿಸಿಕೊಂಡು ಮತ್ತೆ ಶುರುಮಾಡಿ ಎಂದರು. ನಾನು ಬಾಯಿ ಮುಚ್ಚುವುದನ್ನೂ ಮರೆತಿದ್ದೆ.

ಊರಿಗೆ ಬಂದ ಮೇಲೆ ಅವಳು ಜೂನಿಯರ್ ಹುಡುಗಿಗೆ ಕ್ಲಿನಿಕ್ ಒಪ್ಪಿಸಲಿಲ್ಲ. ಇಬ್ಬರೂ ಸೇರಿಯೇ ನಡೆಸೋಣ ಎಂದಳು. ರೋಗಿಗಳನ್ನು ಕಡಿಮೆ ಮಾಡಿಕೊಂಡಿದ್ದಾಳೆ, ವ್ಯಾಯಾಮ ತಪ್ಪಿಸುವುದಿಲ್ಲ, ನೋವು ಪೂರ್ತಿ ಹೋಗಿಲ್ಲ. ಆದರೆ ಕೆಲಸ ಅವಳದಾಗಿ ಉಳಿದಿದೆ.

ಎಳೆಯರಿಗೆ ಕಲಿಸುವವರನ್ನು ಲೋಕ ಗುರುವೆಂದು ಗೌರವಿಸುತ್ತದೆ. ಬೋರ್ಡು ತೂಗುಹಾಕಿಕೊಂಡು, ಹೆಸರು ಮಾಡಿ, ಇನ್ನು ಕಲಿಯುವುದೇನಿದೆ ಎಂದು ಕುಳಿತವರನ್ನು ಅವರ ಮಾನಕ್ಕೆ ಕುಂದು ಬಾರದಂತೆ ಮತ್ತೆ ಮೊದಲ ಪಾಠಕ್ಕೆ ಕೂರಿಸುವವರದು ಬೇರೆಯೇ ಒಂದು ಬಗೆ. ಅಂಥವರಿಗೆ ಶಿಷ್ಯಪರಂಪರೆಯಿಲ್ಲ; ನಾಲ್ಕು ದಿನದ ಪರಿಚಯ, ಒಂದು ಗುಂಪಿನ ಫೋಟೋ, ಆಮೇಲೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ತಮ್ಮಿಂದ ಯಾರ ಕೈ ಉಳಿಯಿತೆಂಬುದು ಅವರಿಗೆ ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ನಮಗೆ, ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕೆಲಸಕ್ಕೆ ಹೊರಟವರನ್ನು ಕಳಿಸಿಕೊಡುವ ಮನೆಯವರಿಗೆ.