ಕರೆಯಿಲ್ಲದ ಎಳ್ಳಮಾಸಿ

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಮುಂಜಾನೆ ಆಳಂದದ ಆ ಓಣಿಯಿಂದ ಬಂಡಿಗಳು ಒಂದರ ಹಿಂದೊಂದು ಹೊಲಕ್ಕೆ ಹೊರಟವು. ಸೊಪ್ಪು-ಕಾಳು ಕೂಡಿಸಿ ಬೇಯಿಸಿದ ಬಜ್ಜಿಯ ಗಡಿಗೆ, ಸಜ್ಜಿರೊಟ್ಟಿಯ ಬುಟ್ಟಿ, ಅವುಗಳ ನಡುವೆ ಮಕ್ಕಳು. ಶಿವಕಾಂತಾ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದು ಆರು ತಿಂಗಳಾಗಿತ್ತು. ಒಂದೇ ದಿನದ ಸೂಟಿ, ನಮ್ಮೂರು ಇಜೇರಿಗೆ ಬರಲಾಗುವುದಿಲ್ಲ, ಇಲ್ಲಿಯವರು ಹೊಲದೂಟಕ್ಕೆ ಕರೆದೇ ಕರೆಯುತ್ತಾರೆ ಎಂದು ಅವ್ವನಿಗೆ ಕಾಗದ ಹಾಕಿದ್ದಳು. ಈ ಓಣಿಗೆ ತಾನು ಬೇಕಾದವಳೋ, ಬರೀ ಬಾಡಿಗೆಯವಳೋ ಎಂಬುದು ಇವತ್ತು ತಿಳಿಯಬೇಕಿತ್ತು.

"ಇನ್ನೂ ಇಲ್ಲೇ ನಿಂತೀರಲ್ರಿ ಟೀಚರಬಾಯಿ! ಬಿಸಲಾಗ್ತದ, ಲಗೂನ ಹೊಂಡ್ರಿ" ಎಂದು ಮನೆಯೊಡತಿ ಸುಭದ್ರಾಬಾಯಿ ಬಂಡಿಯಿಂದಲೇ ನಕ್ಕಳು. ಶಿವಕಾಂತಾ ಚಪ್ಪಲಿ ಮೆಟ್ಟುವಷ್ಟರಲ್ಲಿ ಬಂಡಿ ತಿರುವು ದಾಟಿತ್ತು. ಎದುರುಮನೆಯ ಸುಮಿತ್ರಾಬಾಯಿಯೂ ಕೈಬೀಸಿ ಹೋದಳು.

ಊರು ಬರಿದಾಯಿತು.

ಕೀಲಿ ಹಾಕಿ ನಡೆದಳು. ದಿನವೂ ತಲೆ ತಗ್ಗಿಸಿ ದಾಟುವ ಬಜಾರಿನಲ್ಲಿ ಇಂದು ಅವಳೊಬ್ಬಳೇ. ಇಬ್ಬನಿಗೆ ನೆಂದ ದೂಳಿನ ಮೇಲೆ ಗಾಲಿಗಳ ಗೆರೆ. ಬುಟ್ಟಿಯಿಂದ ಉದುರಿದ ಎಳ್ಳಿಗೆ ಗುಬ್ಬಿಗಳು ಮುತ್ತಿದ್ದವು. ಚಮನಸಾಬನ ಮುಚ್ಚಿದ ಚಹಾದಂಗಡಿಯ ಕಟ್ಟೆಯ ಮೇಲೆ ಚಾದರದಷ್ಟು ಬಿಸಿಲು, ಅದರ ನಟ್ಟನಡುವೆ ಒಂದು ನಾಯಿ. ಯಾರದೋ ಹಿತ್ತಲಲ್ಲಿ ನೀರೊಲೆಯ ಕೊನೆಯ ಹೊಗೆ ಮೇಲೇರಲು ಮನಸ್ಸಿಲ್ಲದೆ ಗೋಡೆಗೆ ಒರಗಿತ್ತು. ಇಷ್ಟು ಚೆಂದವಿತ್ತೇ ಈ ಊರು? ನೋಡು ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಊರಂಚಿಗೆ ಬಂದಾಗ ಜೋಳದ ಹೊಲಗಳಿಂದ ಭೂತಾಯಿಗೆ ಎಡೆಯ ಚರಗ ಚೆಲ್ಲುವವರ ಕೂಗು ಕೇಳಿಸಿತು. ಇನ್ನು ನಾಲ್ಕು ಹೆಜ್ಜೆ ನಡೆದರೆ ಯಾರಾದರೂ ಊಟಕ್ಕೆ ಕರೆಯುತ್ತಾರೆ. ಎಳ್ಳಮಾಸಿಗೆ ದಾರಿಹೋಕರನ್ನು ಹಾಗೇ ಬಿಡುವ ರೂಢಿ ಇಲ್ಲ. ಅದಕ್ಕೇ ಅವಳು ಹಿಂದಿರುಗಿದಳು. ಹೊಟ್ಟೆ ಹಸಿದಿತ್ತು. ಆದರೆ ಆರು ತಿಂಗಳು ಬಾಳಿದ ಊರಲ್ಲಿ ದಾರಿಹೋಕಳಾಗಿ ಉಣ್ಣಲು ಮನಸ್ಸು ಒಪ್ಪಲಿಲ್ಲ.

ಸಂಜೆ ಬಂಡಿ ಇಳಿಯುತ್ತಲೇ ಸುಭದ್ರಾಬಾಯಿ ಕೇಳಿದಳು, "ಸುಮಿತ್ರಾನ ಹೊಲದಾಗ ಊಟ ಹೆಂಗಿತ್ತ್ರಿ? ಆಕಿ ಬಜ್ಜಿಗಿ ಉಪ್ಪು ಸುರೀತಾಳ."

"ನನ್ನ ಹೊಲಕ್ಕ ಎಲ್ಲಿ ಬಂದಾರ?" ಎತ್ತು ಬಿಚ್ಚುತ್ತಿದ್ದ ಸುಮಿತ್ರಾಬಾಯಿ ಎದುರಿನಿಂದ ಕೂಗಿದಳು. "ನಿನ್ನ ಮನ್ಯಾಗ ಇರೋರು, ನೀನೇ ಕರದಿರ್ತಿ ಅಂತ ನಾ ಸುಮ್ನಿದ್ದೆ. ಒಬ್ರು ಕರದೋರನ್ನ ಇನ್ನೊಬ್ರು ಕರಿಯೋದು ಛಂದ ಏನು?"

"ನಿನ್ನ ಮಗಳಿಗಿ ಅಕ್ಷರ ಕಲಸಾಕತ್ತೋರಬೇ ಅವರು! ನೀ ಬಿಡ್ತಿ ಅಂತ ನನಗೇನ ಗೊತ್ತು?"

ಇಬ್ಬರೂ ಒಮ್ಮೆಲೇ ಶಿವಕಾಂತಾಳತ್ತ ತಿರುಗಿದರು.

"ಹಂಗಾದ್ರ ಮುಂಜಾನಿಂದ ಏನ ಮಾಡಿದ್ರಿ?"

"ಊರು ನೋಡಿದೆರಿ."

"ಖಾಲಿ ಊರಾಗ ನೋಡೋದೇನದರಿ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸುಭದ್ರಾಬಾಯಿ ತಾಟು ತರಲು ಒಳಗೆ ಓಡಿದ್ದಳು. ಸುಮಿತ್ರಾಬಾಯಿ ತನ್ನ ಗಡಿಗೆಯನ್ನೇ ಎತ್ತಿಕೊಂಡು ಬಂದಳು. ಆರಿದ ಬಜ್ಜಿ ತಾಟಿನಲ್ಲಿ ಎರಡು ಗುಡ್ಡೆಯಾಗಿ ಬಿತ್ತು. ಶಿವಕಾಂತಾಳ ತಲೆಯ ಮೇಲಿಂದಲೇ ಇಬ್ಬರೂ ಮುಂದಿನ ವರ್ಷಕ್ಕೆ ಜಗಳ ತೆಗೆದರು.

"ಯಾರ ಹೊಲಕ್ಕ ಬರ್ತೀರಿ, ನೀವೇ ಹೇಳ್ರಿ."

ಶಿವಕಾಂತಾ ನಕ್ಕು, ಉತ್ತರ ಕೊಡಬೇಕಾಗದಂತೆ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟುಕೊಂಡಳು.