ಹುಲ್ಲಿನ ಕೂಸು

ಪೆಟ್ಟಿಗೆಯ ಮುಚ್ಚಳ ಕೂರಲೊಲ್ಲದು. ಅಂತ್ಯಕ್ರಿಯೆ ನಡೆಸಲು ಬಂದಿದ್ದ ಕರಿ ಕೋಟಿನವನು ಎರಡು ಸಲ ಒತ್ತಿ ನೋಡಿ, ಮೂರನೆಯ ಸಲ ವಿನಯದಿಂದ ಕೆಮ್ಮಿದ.

"ಅಜ್ಜಿಯವರು ಸಣ್ಣಗೇ ಇದ್ದಾರೆ. ಆದ್ರೂ ಯಾಕೋ ಹಿಡಿಸ್ತಿಲ್ಲ."

ನತ್ಸುಕೊ ಬಗ್ಗಿ, ಅತ್ತೆ ಇಸೊಳ ಸುತ್ತ ತುಂಬಿದ್ದ ಹೂಗಳನ್ನು ಸರಿಸಿದಳು. ಸೇವಂತಿಗೆಯ ಅಡಿಯಿಂದ ಹುಲ್ಲಿನ ಎತ್ತಿನ ಕೋಡೊಂದು ಇಣುಕಿತು.

"ಇದ್ಯಾರ ಕೆಲ್ಸ?" ಎಂದಳು ಸತ್ತವಳ ತಂಗಿ ತೊಮೆ. ಎಂಬತ್ತರ ಮುದುಕಿ, ಗಂಟಲು ಮಾತ್ರ ಹಡಗಿನ ಕೊಂಬು. ಕೈ ಹಾಕಿ ಎತ್ತನ್ನು ಎಳೆದಳು. ಎತ್ತಿನ ಹಿಂದೆ ಕತ್ತೆ ಬಂತು. ಕತ್ತೆಯ ಹಿಂದೆ ಕುರುಬರು, ಜೋಸೆಫ, ಮರಿಯಮ್ಮ. ಇಸೊ ಮೂವತ್ತು ವರ್ಷ ಹುಲ್ಲು ಹೊಸೆದು ಮಾಡಿದ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು, ಪೂರ್ತಿ ಅವಳ ಜೊತೆ ಹೊರಟು ಮಲಗಿತ್ತು.

ನತ್ಸುಕೊಳ ಹಿರಿಮಗಳು, ಏಳರ ಮಿಯೊ, ಗೋಡೆಗೆ ಅಂಟಿಕೊಂಡಳು. ಬಾಯಿಬಿಟ್ಟವಳು ಕಿರಿಮಗಳು, ನಾಲ್ಕರ ಕೋಹಾರು. "ಇವತ್ತು ಸಂಜೆ ಕ್ರಿಸ್‌ಮಸ್ಸು. ಅಲ್ಲಿ ಅಜ್ಜಿ ಹತ್ರ ಗೋದಲಿ ಇಲ್ವಲ್ಲ."

"ಅಯ್ಯೋ ಪೆದ್ದಿ, ಅಲ್ಲಿ ಅಸಲಿಯವರೇ ಇದ್ದಾರಲ್ಲೇ!" ಎಂದಳು ತೊಮೆ.

ನೆರೆದವರಲ್ಲಿ ಯಾರೋ ಕಿಸಕ್ಕೆಂದರು. ಫಾದರ್ ಪ್ರಾರ್ಥನೆಯ ಪುಸ್ತಕವನ್ನು ಮೂಗಿನವರೆಗೆ ಎತ್ತಿಕೊಂಡರು.

ಕೊನೆಗೆ ಉಳಿದದ್ದು ಬಾಲಯೇಸು. ಗೇಣುದ್ದದ ಹುಲ್ಲಿನ ಕೂಸು, ಇಸೊಳ ಜಪಸರ ಸುತ್ತಿದ ಬೆರಳುಗಳ ಸಂದಿನಲ್ಲಿತ್ತು. ತೊಮೆ ಕೈ ಚಾಚಿದ್ದೇ ತಡ, ಕೋಹಾರು ಹೆಂಚು ಹಾರುವಂತೆ ಕಿರುಚಿದಳು.

"ತೆಗೀಬೇಡ! ಅಜ್ಜಿ ಮಲಗಿಸ್ತಿದಾಳೆ!"

ನತ್ಸುಕೊ ಕರಿ ಕೋಟಿನವನತ್ತ ತಿರುಗಿದಳು. "ಹುಲ್ಲಿದ್ರೆ ತೊಂದ್ರೆನಾ?"

"ಸುಡೋವಾಗ ಕಬ್ಬಿಣ, ಗಾಜು ಬೇಡ ಅಷ್ಟೇ. ಹುಲ್ಲು ನಡೆಯುತ್ತೆ."

"ಹಾಗಿದ್ರೆ ಇರಲಿ ಬಿಡಿ, ಚಿಕ್ಕತ್ತೆ."

ಮುಚ್ಚಳ ಕೂತಿತು.

"ಸರಿ, ಮಿಕ್ಕಿದ್ದೆಲ್ಲ ಅಟ್ಟಕ್ಕೆ ಹಾಕು. ಸಾವಿನ ಮನೆ. ಈ ವರ್ಷ ಹಬ್ಬ ಗಿಬ್ಬ ಏನೂ ಇಲ್ಲ," ಎಂದಳು ತೊಮೆ. ಮಿಯೊ ಕತ್ತೆಯನ್ನು ಎದೆಗವಚಿಕೊಂಡು ಅಮ್ಮನ ಮುಖ ನೋಡಿದಳು. ನತ್ಸುಕೊ ಬಗ್ಗಿ ಉಳಿದ ಬೊಂಬೆಗಳನ್ನು ಒಟ್ಟುಮಾಡತೊಡಗಿದಳು.

*

ಫುಕುವೋಕಾ ಪಟ್ಟಣದ ಹುಡುಗಿ ನತ್ಸುಕೊ ಈ ಗೊತೊ ದ್ವೀಪಕ್ಕೆ ಸೊಸೆಯಾಗಿ ಬಂದ ಮೊದಲ ಡಿಸೆಂಬರಿನಲ್ಲಿ ಹಡಗಿನಿಂದ ಆಳೆತ್ತರದ ಪ್ಲಾಸ್ಟಿಕ್ ಮರವೊಂದನ್ನು ತರಿಸಿದ್ದಳು. ಗುಂಡಿ ಒತ್ತಿದರೆ ಏಳು ಬಣ್ಣದ ದೀಪ. ಇಸೊ ಅದರ ಸುತ್ತ ಒಂದು ಸುತ್ತು ಬಂದು ಬಾಯ್ತುಂಬ ಹೊಗಳಿದಳು. ಮರುದಿನ ಬೆಳಿಗ್ಗೆ ನೋಡಿದರೆ ಕೊಂಬೆಕೊಂಬೆಯಲ್ಲೂ ಗೆಣಸಿನ ಹೋಳು ಒಣಗುತ್ತಿತ್ತು.

"ಎಂಥಾ ಅನುಕೂಲದ ಮರ ತಂದ್ಯಮ್ಮಾ! ನಮ್ಮ ಬಿದಿರು ಗಳಕ್ಕೆ ಇಷ್ಟೊಂದು ಕೈ ಇಲ್ಲ."

ನತ್ಸುಕೊ ಬಚ್ಚಲಲ್ಲಿ ಕೂತು ಅತ್ತಳು. ಆ ಸಂಜೆ ಇಸೊ ಏನೂ ಕೇಳದೆ ಅವಳನ್ನು ಹುಲ್ಲಿನ ರಾಶಿಯ ಪಕ್ಕ ಕೂರಿಸಿಕೊಂಡಳು. ಆ ಮನೆಯಲ್ಲಿ ಕೊಂಡು ತಂದ ಉಡುಗೊರೆ ಸಲ್ಲದು. ಕೈಯಾರೆ ಮಾಡಿದ್ದನ್ನೇ ಕೊಡಬೇಕು. ಬಾಲಯೇಸುವನ್ನಂತೂ ಪ್ರತಿವರ್ಷ ಹೊಸ ಹುಲ್ಲಿನಲ್ಲಿ ಕಟ್ಟಬೇಕು. ನತ್ಸುಕೊ ಕಟ್ಟಿದ್ದಕ್ಕೆ ಹೇಗೋ ಎಂಟು ಕಾಲು ಮೂಡಿದವು. ಇಸೊ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಜೋಸೆಫ ಪಾಪ ಒಳ್ಳೆಯವನು, ಏನೂ ಅನ್ನಲ್ಲ. ಮರಿಯಮ್ಮ ಮಾತ್ರ ಹೆದರ್ಕೋಬಹುದು."

ಅಂದಿನಿಂದ ಹತ್ತು ವರ್ಷ ನತ್ಸುಕೊ ಹುಲ್ಲು ಮುಟ್ಟಿರಲಿಲ್ಲ.

*

ಮಧ್ಯಾಹ್ನ ಇಸೊಳ ಬೂದಿಯ ಬಿಳಿ ಕುಡಿಕೆಯೊಂದಿಗೆ ಎಲ್ಲರೂ ಮನೆಗೆ ಮರಳಿದರು. ನತ್ಸುಕೊ ಚಹಾ ಕಾಸಿ ತರುವಷ್ಟರಲ್ಲಿ ಮಿಯೊ ಗೋಡೆಯ ಮೂಲೆಯಲ್ಲಿ ಗೋದಲಿ ಜೋಡಿಸಿದ್ದಳು. ಮೇವಿನ ತೊಟ್ಟಿಯಲ್ಲಿ ಕರವಸ್ತ್ರ ಸುತ್ತಿದ ಏನೋ ಮಲಗಿತ್ತು. ಕೋಹಾರು ಬಟ್ಟೆ ಬಿಚ್ಚಿ ನೋಡಿ ಗೋಳೋ ಎಂದಳು.

"ಇದು ಯೇಸು ಅಲ್ಲ, ಗೆಣಸು!"

ಬಂದವರೆಲ್ಲ ತಲೆ ತಗ್ಗಿಸಿದರು. ಕೆಲವರ ಭುಜ ಕುಣಿಯುತ್ತಿತ್ತು. ನತ್ಸುಕೊ ಚಹಾದ ತಟ್ಟೆಯನ್ನು ಗಂಡ ಮಸಾಶಿಯ ಕೈಗಿಟ್ಟು ಕೊಟ್ಟಿಗೆಗೆ ಹೋದಳು. ಒಂದು ತೆಕ್ಕೆ ಹುಲ್ಲು ತಂದು, ಶೋಕದ ಕರಿ ಉಡುಪಿನಲ್ಲೇ ನಡುಮನೆಯಲ್ಲಿ ಕೂತಳು.

"ಹಬ್ಬ ಇಲ್ಲ ಅಂದೆನಲ್ಲ!" ತೊಮೆ ಗುಡುಗಿದಳು.

"ಹಬ್ಬ ಅಲ್ಲ ಚಿಕ್ಕತ್ತೆ, ಹೆರಿಗೆ. ಕೈ ಹಚ್ಚಿ, ಇಲ್ಲಾ ಆಚೆ ನಡೀರಿ."

ಇಂಥ ಮಾತು ನತ್ಸುಕೊಳ ಬಾಯಿಂದ ಆ ಮನೆ ಎಂದೂ ಕೇಳಿರಲಿಲ್ಲ. ನತ್ಸುಕೊ ಮೊದಲ ಗಂಟು ಹಾಕಿದಳು. ಬಿಚ್ಚಿಕೊಂಡಿತು. ಮತ್ತೆ ಹಾಕಿದಳು. ಹೇಗೆಂದು ಕೇಳಲು ತಲೆಯೆತ್ತಿ ಅತ್ತೆ ಕೂರುವ ಜಾಗದ ಕಡೆ ತಿರುಗಿದಳು; ಅಲ್ಲಿ ಬರೀ ಚಾಪೆ. ಕೈ ಅಲ್ಲೇ ನಿಂತಿತು.

"ತಲೆ ಮೊದ್ಲು ಕಟ್ಟೇ!" ತೊಮೆ ಧೊಪ್ಪನೆ ಪಕ್ಕದಲ್ಲಿ ಕೂತಳು. "ಕಾಲು ಮೊದ್ಲು ಬಂದ್ರೆ ಕಷ್ಟ. ಏಳು ಹೆತ್ತವಳು ಹೇಳ್ತಿದೀನಿ, ಕೇಳು."

ಮಸಾಶಿ ಬಲೆಯ ದಾರ ತಂದು ಕುತ್ತಿಗೆಗೆ ಬೆಸ್ತರ ಗಂಟು ಬಿಗಿದ. "ಬಿರುಗಾಳಿ ಬಂದ್ರೂ ಈ ತಲೆ ಹೋಗಲ್ಲ" ಎಂದ. ಪಕ್ಕದ ಮನೆಯವನು ಸೊಂಟ ಸಣ್ಣದಾಯಿತೆಂದು ಇನ್ನೊಂದು ಹಿಡಿ ಹುಲ್ಲು ತುರುಕಿದ. ಅವನ ಹೆಂಡತಿ ತೋಳಿಗೆ ತುರುಕಿದಳು. ಕತ್ತಲಾಗುವ ಹೊತ್ತಿಗೆ ಕೂಸು ಹುಟ್ಟಿತು. ಎರಡೇ ಕಾಲು. ಆದರೆ ಜೋಸೆಫ ಅದರ ಸೊಂಟಕ್ಕೆ ಬರುತ್ತಿದ್ದ.

ತೊಟ್ಟಿಯಲ್ಲಿ ಮಲಗಿಸಿದರೆ ಕಾಲು ಗೇಣುದ್ದ ಹೊರಗೆ ಚಾಚಿತು. ಕೋಹಾರು ಅದನ್ನೇ ನೋಡುತ್ತ ನಿಂತಳು.

"ಪಾಪುಗೆ ಕಾಲು ಚಳಿ."

ತೊಮೆ ಅಕ್ಕನ ಕುಡಿಕೆಯತ್ತ ಒಮ್ಮೆ ನೋಡಿ, ಬುಸುಗುಡುತ್ತ ಬಗ್ಗಿ, ತನ್ನ ಎಡಗಾಲಿನ ಕರಿ ಕಾಲುಚೀಲ ಕಳಚಿದಳು; ಕೂಸಿನ ಎರಡೂ ಕಾಲನ್ನು ಅದರೊಳಗೆ ತೂರಿಸಿದಳು. ಆಮೇಲೆ ಎಲ್ಲರಿಗಿಂತ ಮೊದಲು ಮೊಣಕಾಲೂರಿ, ಹಡಗಿನ ಗಂಟಲಲ್ಲಿ ಪ್ರಾರ್ಥನೆ ಶುರುಮಾಡಿದಳು. ಹಿಂದೆ ಅವಳ ಒಂದು ಪಾದ ಬರಿದಾಗಿ, ಚಳಿಗೆ ಕೆಂಪಾಗಿ ಕಾಣುತ್ತಿತ್ತು. ಕೋಹಾರು ಸದ್ದಿಲ್ಲದೆ ಹೋಗಿ, ಕೋಳಿ ಮೊಟ್ಟೆಯ ಮೇಲೆ ಕೂರುವಂತೆ, ಆ ಪಾದದ ಮೇಲೆ ಕೂತುಕೊಂಡಳು.